ಸೋಪು ಹಾಕಿ ಕೈ ತೊಳೆದವರಿಗೆ

ಭಾನುವಾರ ಅಣ್ಣನ ಮಗಳ ನಾಮಕರಣದಲ್ಲಿ ಎಲೆ ಮುಂದೆ ಕೂತು ಊಟ ಮಾಡಿದೆ. ಅನ್ನ, ತಿಳಿಸಾರು, ಮಜ್ಜಿಗೆ ಅಷ್ಟೇ. ಕಣ್ಣು ತುಂಬಿ ಬಂತು. ಮನೆಗೆ ಬಂದವಳೇ ಇದನ್ನು ಬರೆಯಲು ಕೂತೆ.

ಒಂಬತ್ತು ವರ್ಷ ನನಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು, ದೊಡ್ಡ ಕರುಳು ಊದಿ ಹುಣ್ಣಾಗುವ ಕಾಯಿಲೆ. ಯಾವ ಔಷಧಿಗೂ ಬಗ್ಗದೆ, ಕೊನೆಗೆ ದೊಡ್ಡ ಕರುಳನ್ನೇ ತೆಗೆದರು. ಸಣ್ಣ ಕರುಳಿನ ತುದಿಯನ್ನು ಮಡಚಿ ಚೀಲದ ಹಾಗೆ ಹೊಲಿದರು. ಜೆ-ಪೌಚ್ ಅಂತಾರೆ. ಅದು ಮಾಯುವ ತನಕ ಮೂರು ತಿಂಗಳು, ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ತೂತು, ಅಂದರೆ ಸ್ಟೋಮಾ, ಅದಕ್ಕೆ ಅಂಟಿಸಿದ ಬ್ಯಾಗ್. ಸ್ಟೋಮಾ ಮುಚ್ಚಿದ ದಿನ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು.

ಮೂರನೇ ವಾರಕ್ಕೆ ಭೇದಿ ಶುರುವಾಯಿತು. ದಿನಕ್ಕೆ ಇಪ್ಪತ್ತು ಸಲ, ಜ್ವರ ಬೇರೆ. ಪೌಚ್ ಊದಿರಬೇಕು ಅಂತ ಆಂಟಿಬಯಾಟಿಕ್ ಕೊಟ್ಟರು. ಇನ್ನೂ ಜಾಸ್ತಿಯಾಯಿತು. ಆಗ ರಾತ್ರಿ ಪಾಳಿಯ ಕಿರಿಯ ಡಾಕ್ಟರೊಬ್ಬರು ಪಕ್ಕದಲ್ಲಿ ಕೂತು, ಇದುವರೆಗೆ ತಗೊಂಡ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. "ದೊಡ್ಡ ಕರುಳು ತೆಗೆದ ಮೇಲೂ ಇದು ಬರಬಹುದು, ನೋಡಿಬಿಡೋಣ" ಅಂತ ಮಲವನ್ನು ಸಿ. ಡಿಫ್ ಪರೀಕ್ಷೆಗೆ ಕಳಿಸಿದರು. ಅದೇ ಆಗಿತ್ತು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಆಂಟಿಬಯಾಟಿಕ್‌ನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಬೆಳೆದುಕೊಳ್ಳುವ ರೋಗಾಣು. ವ್ಯಾಂಕೊಮೈಸಿನ್ 125 ಮಿ.ಗ್ರಾಂ, ದಿನಕ್ಕೆ 4 ಸಲ, 10 ದಿನ. ಬಾಯಿಂದಲೇ ತಗೋಬೇಕು, ಡ್ರಿಪ್‌ನಲ್ಲಿ ಕೊಟ್ಟರೆ ಈ ಸೋಂಕಿಗೆ ನಾಟುವುದಿಲ್ಲ. ಐದನೇ ರಾತ್ರಿ ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿದೆ. ಡಾಕ್ಟ್ರೇ, ಆ ನಿದ್ದೆ ನೀವು ಕೊಟ್ಟಿದ್ದು.

ವಾರ್ಡಿನ ಆಯಾ ಅಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಈ ರೋಗಾಣುವಿನ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಕೈಯನ್ನು ಸೋಪು ನೀರಲ್ಲೇ ತೊಳೆಯಬೇಕು. ಕಮೋಡು, ನೆಲ, ಮಂಚದ ಕಂಬಿ ಎಲ್ಲ ಬ್ಲೀಚ್ ಹಾಕಿ ಒರೆಸಬೇಕು. ದಿನಕ್ಕೆ ಎಷ್ಟು ಸಲ ಒರೆಸಿದರೋ. ಒಂದು ದಿನ ಹಾಸಿಗೆಯಲ್ಲೇ ಆಗಿಹೋಗಿ ಅಳುತ್ತಿದ್ದೆ. "ಸುಮ್ನಿರವ್ವ, ನನ್ನ ಮಕ್ಕಳದ್ದು ತೊಳೆದಿಲ್ವಾ ನಾನು" ಅಂದರು. ಅವರ ಬೆರಳ ಸಂದುಗಳೆಲ್ಲ ಬಿರಿದಿದ್ದವು. ನನ್ನ ಡಿಸ್ಚಾರ್ಜ್ ದಿನ ಅವರಿಗೆ ರಜೆ. ಒಂದು ಮಾತು ಹೇಳಿ ಬರಲೂ ಆಗಲಿಲ್ಲ.

ಅಣ್ಣ, ಅತ್ತಿಗೆ ತುಂಬು ಬಸುರಿಯಾಗಿದ್ದಾಗ ನೀನು ನನ್ನ ಹತ್ತಿರ ಇದ್ದೆ. ದಿನಾ ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡು, ಬಟ್ಟೆ ಬದಲಿಸಿಯೇ ಮನೆಗೆ ಹೋಗುತ್ತಿದ್ದೆ. ಅತ್ತಿಗೆ ಒಂದು ದಿನವೂ ಹೋಗಬೇಡಿ ಅನ್ನಲಿಲ್ಲ. ಗಂಜಿಗೆ ಉಪ್ಪು ಎಷ್ಟು ಹಾಕಲಿ ಅಂತ ಫೋನಲ್ಲಿ ಕೇಳುತ್ತಿದ್ದರು.

ಭಾನುವಾರ ಮಗುವನ್ನು ಎತ್ತಿಕೊಳ್ಳಲು ನನಗೆ ಭಯ. ಎರಡು ಸಲ ಕೈ ತೊಳೆದು ಬಂದು ದೂರವೇ ನಿಂತಿದ್ದೆ. ಅತ್ತಿಗೆಯೇ ತಂದು ನನ್ನ ತೊಡೆ ಮೇಲೆ ಮಲಗಿಸಿದರು.