ಅರ್ಧ ಲೋಟ ಹಾಲು

ಪುಟ್ಟೀ,

ಫೋನ್ ಮಾಡಿದರೆ ನಾನು ಮತ್ತೆ ‘ಊಟ ಆಯ್ತಾ’ ಅಂತಲೇ ಶುರು ಮಾಡ್ತೀನಿ, ನೀನು ‘ಹೂಂ’ ಅಂತೀಯ, ಮಾತು ಅಲ್ಲಿಗೇ ನಿಲ್ಲುತ್ತೆ. ಅದಕ್ಕೇ ಬರೀತಿದ್ದೀನಿ. ಸ್ಕೂಲಿನ ಅಡುಗೆಮನೇಲಿ ಅಕ್ಕಿ ಮೂಟೆ ಮೇಲೆ ಕೂತಿದ್ದೀನಿ. ಬೆಳಗಿನ ಹಾಲು ಕೊಟ್ಟಾಯ್ತು, ಸಾರಿಗೆ ಬೇಳೆ ಬೇಯ್ತಿದೆ.

ಭಾನುವಾರ ನೀನು ಅಂದೆ, ನೈಟ್ ಡ್ಯೂಟೀಲಿ ಯಾರೋ ಅಜ್ಜಿಗೆ ಪುಡಿ ಹಾಲು ಕಲಸಿ ಕುಡಿಸ್ತಿದ್ದಾಗ ಆ ವಾಸನೆಗೆ ನಮ್ಮ ಸ್ಕೂಲಿನ ಜಗಲಿ ಕಣ್ಮುಂದೆ ಬಂದ ಹಾಗಾಯ್ತು, ವಾರ್ಡಲ್ಲೇ ಅಳು ಬಂತು ಅಂತ. ನಾನು ನಕ್ಕುಬಿಟ್ಟೆ. ‘ಆ ಹಾಲು ಕುಡಿಯಲ್ಲ ಅಂತ ಎಷ್ಟು ಹಠ ಮಾಡ್ತಿದ್ದೆ, ಈಗ ಅದಕ್ಕೆ ಅಳ್ತೀಯಾ’ ಅಂದೆ. ‘ಹಠ ಮಾಡ್ತಿದ್ದೋರು ಬೇರೆ ಮಕ್ಕಳು ಅವ್ವ. ಅವರಿಗೆಲ್ಲ ತುಂಬ ಹುಯ್ತಿದ್ದೆ. ನಂಗೆ ಅರ್ಧ ಲೋಟ’ ಅಂದವಳೇ ನೀನು ಫೋನ್ ಇಟ್ಟುಬಿಟ್ಟೆ.

ಅಪ್ಪನಿಗೆ ಹೇಳಿಲ್ಲ. ಅಟ್ಟದ ಕೊಬ್ಬರಿ ಇಳಿಸೋ ಗಡಿಬಿಡೀಲಿ ಇದ್ದಾರೆ, ಹೇಳಿದರೂ ‘ಹಾಲಿಗೆ ಇಷ್ಟು ರಂಪವಾ’ ಅಂತಾರೆ.

ಲೆಕ್ಕ ಹೇಳ್ತೀನಿ ಕೇಳು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದಾಗ ನೀನು ಐದನೇ ಕ್ಲಾಸು. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಎಂ.ಎಲ್. ಹಾಲು. ನಮ್ಮಲ್ಲಿ ಆಗ 64 ಮಕ್ಕಳು, ಅಂದರೆ 1,152 ಗ್ರಾಂ. ಅಷ್ಟನ್ನ ತೂಗಿ, ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಆಮೇಲೆ ಕುದಿಯೋ ನೀರಿಗೆ ಬಿಡಬೇಕು. ನೇರವಾಗಿ ಸುರಿದರೆ ಗಂಟು ಕಟ್ಟುತ್ತೆ. ಮೊದಲ ವಾರ ಗೊತ್ತಾಗದೆ ಹಾಗೇ ಮಾಡಿ, ಮನೆಯಿಂದ ಮಂತು ತಂದು ಕಡೆದಿದ್ದೆ, ನೆನಪಿದೆಯಾ? ಸೌಟಲ್ಲಿ ಹುಯ್ಯೋ ಕೈ ಒಂದೇ ಸಮ ಇರುತ್ತಾ ಹೇಳು. ಮೊದಲ ಹತ್ತು ಮಕ್ಕಳಿಗೆ ಒಂದೊಂದು ಗುಟುಕು ಜಾಸ್ತಿ ಬಿದ್ದರೆ ಕೊನೆಯವರಿಗೆ ಖೋತಾ. ಕೊನೇಲಿ ಬೇರೆ ಯಾರ ಮಗು ನಿಂತಿದ್ದರೂ ಅವರ ಮನೆಯವರು ಬಂದು ಕೇಳ್ತಾರೆ. ನಿನ್ನನ್ನ ನಿಲ್ಲಿಸಿದರೆ ಕೇಳೋರು ಯಾರೂ ಇಲ್ಲ. ಅದಕ್ಕೇ ‘ನೀನು ಹಿಂದೆ ನಿಂತ್ಕೋ’ ಅಂತಿದ್ದೆ.

ಭಾನುವಾರದಿಂದ ಇದನ್ನೇ ನಂಗೆ ನಾನೇ ಹೇಳ್ಕೊತಿದ್ದೀನಿ. ಪೂರ್ತಿ ನಿಜ ಅಲ್ಲ ಪುಟ್ಟಿ.

ಹಾಜರಿ ಕೂಗೋ ಮುಂಚೆಯೇ ಹಾಲು ಕಲಸಿರ್ತಿದ್ದೆನಲ್ಲ, ಜಡಿಮಳೆ ಹಿಡಿದ ದಿನ ತೋಟದ ಮನೆ ಮಕ್ಕಳು ಬರ್ತಿರಲಿಲ್ಲ, ಹಾಲು ಮಿಕ್ತಿತ್ತು. ಆಗಲೂ ನಿಂಗೆ ಅರ್ಧವೇ.

ಅಂಥ ಒಂದು ದಿನ. ನಿನ್ನ ಲಂಗದ ಅಂಚು ನೆನೆದು ಕಾಲಿಗೆ ಅಂಟಿತ್ತು. ಲೋಟವನ್ನ ಎರಡು ಕೈಯಲ್ಲೂ ಹಿಡ್ಕೊಂಡಿದ್ದೆ, ಬಿಸಿಗೋ ಚಳಿಗೋ. ಅರ್ಧ ಹುಯ್ದೆ. ನೀನು ಪಾತ್ರೆಯೊಳಗೆ ಬಗ್ಗಿ ನೋಡಿ, ಮೆಲ್ಲಗೆ, ‘ಇನ್ನೂ ಇದೆಯಲ್ಲವ್ವ’ ಅಂದೆ. ಅದೇ ಹೊತ್ತಿಗೆ ಜಗಲೀಲಿ ಒಬ್ಬರು ಕೊಡೆ ಮಡಚ್ತಾ ನಿಂತಿದ್ದರು. ಹೆಸರು ಬೇಡ, ನಿಂಗೂ ಗೊತ್ತು. ಅದರ ಹಿಂದಿನ ತಿಂಗಳು ಮೀಟಿಂಗಲ್ಲಿ ‘ಅಡುಗೆಯವರ ಮಕ್ಕಳು ಮಾತ್ರ ದುಂಡಗಾಗ್ತಾರೆ ಬಿಡಿ’ ಅಂತ ನಗಾಡಿದ್ದವರು. ನಾನು ಅವರಿಗೆ ಕೇಳೋ ಹಾಗೆ ಜೋರಾಗಿ ಅಂದೆ, ‘ನಾಚಿಕೆ ಆಗಲ್ವಾ ಹೊಟ್ಟೆಬಾಕಿ? ಹೋಗು, ಮನೇಲಿ ಕುಡಿ.’

ಮನೇಲಿ ಎಲ್ಲಿತ್ತು? ಸೀಮೆಹಸು ಕೊಡ್ತಿದ್ದದ್ದು ಎರಡು ಹೊತ್ತೂ ಡೈರಿಗೆ. ಕಾಫಿಗೆ ಅಂತ ಉಳಿಸಿದ ಒಂದು ಪಾವು ಅಪ್ಪಂಗೆ, ಅಜ್ಜಿಗೆ. ಬೆಳಿಗ್ಗೆ ಆರಕ್ಕೆ ಕ್ಯಾನು ಹೊತ್ಕೊಂಡು ಹೋಗ್ತಿದ್ದವಳೇ ನೀನು. ಊರ ಹಾಲೆಲ್ಲ ಲಾರಿ ಹತ್ತಿ ಹೋಗಿ, ಪುಡಿಯಾಗಿ, ಚೀಲದಲ್ಲಿ ನಮ್ಮ ಸ್ಕೂಲಿಗೇ ವಾಪಸ್ ಬರ್ತಿತ್ತು. ಅದರಲ್ಲಿ ಅರ್ಧ ಲೋಟ ಜಾಸ್ತಿ ಕೇಳಿದ್ದಕ್ಕೆ ನೀನು ಹೊಟ್ಟೆಬಾಕಿ.

ಅಷ್ಟಕ್ಕೇ ಬಿಟ್ಟಿದ್ದರೂ ಆಗಿತ್ತು. ಮಿಕ್ಕ ಹಾಲನ್ನ ಏಳನೇ ಕ್ಲಾಸಿನ ಹುಡುಗರನ್ನ ಕರೆದು ಎರಡನೇ ಸಲ ಹುಯ್ದೆ, ನಾನು ಮನೆಗೆ ಒಯ್ಯಲ್ಲ ಅಂತ ಆ ಕೊಡೆಯವರು ನೋಡಲಿ ಅಂತ. ಅದನ್ನ ನೀನೂ ನೋಡಿದೆ.

ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು. ಸರ್ಕಾರ ನಮಗೆ ಕೊಡೋದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಆ ದುಡ್ಡಲ್ಲೇ ನಿನ್ನ ನೋಟ್‌ಬುಕ್ಕು, ಅಜ್ಜಿಯ ಬಿ.ಪಿ. ಮಾತ್ರೆ. ಭಯ ಇತ್ತು ಅಂದ ಮಾತ್ರಕ್ಕೆ ಮಾಡಿದ್ದು ಸರಿಯಾಗಲ್ಲ, ಗೊತ್ತು. ತಪ್ಪಾಯ್ತು ಕಣೇ.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಸ್ಪತ್ರೇಲೂ ಹಿಂಗೆ ನೋಡೋರು ಇರ್ತಾರೆ. ಯಾರೋ ಏನೋ ಅಂದಾರು ಅಂತ ನಿನ್ನ ಊಟದ ಹೊತ್ತನ್ನ ಇನ್ನೊಬ್ಬರಿಗೆ ಬಿಟ್ಟುಕೊಡಬೇಡ. ಡ್ಯೂಟಿ ಮುಗಿಸಿ ಖಾಲಿ ಹೊಟ್ಟೇಲಿ ಮಲಗಬೇಡ. ಕಾಫಿ ಮೇಲೆ ಕಾಫಿ ಬೇಡ. ಆ ಅಜ್ಜಿಗೆ ಕುಡಿಸುವಾಗ ತಲೆ ಎತ್ತಿ ಕೂರಿಸ್ಕೋ, ಮಲಗಿದ ಹಾಗೇ ಹುಯ್ದರೆ ನೆತ್ತಿಗೆ ಹತ್ತುತ್ತೆ. ಬಿ.ಎಸ್ಸಿ. ನರ್ಸಿಂಗ್ ಓದಿದವಳಿಗೆ ನಾನು ಹೇಳಿಕೊಡ್ತಿದ್ದೀನಿ! ಪೀಜೀಲಿ ರೂಮಿನ ಹುಡುಗಿಗೆ ಕೊಟ್ಟ ಎರಡು ಸಾವಿರ ವಾಪಸ್ ಕೇಳು, ಬಾಯಿಬಿಟ್ಟು ಕೇಳು. ಕೇಳೋಕೆ ಸಂಕೋಚ ಪಡೋದನ್ನ ನಿಂಗೆ ಕಲಿಸಿದವಳು ನಾನೇ, ಇನ್ಯಾರು. ಚೀಟಿಗೀಟಿ ಹಾಕಬೇಡ. ಪೋಸ್ಟಾಫೀಸಲ್ಲಿ ಆರ್.ಡಿ. ಮಾಡು. ಪುಸ್ತಕ ತಂದು ತೋರಿಸು.

ನೋಡು, ಎಲ್ಲಿಂದ ಎಲ್ಲಿಗೆ ಬಂದೆ.

ಮೊದಲ ಸಂಬಳದಲ್ಲಿ ನೀನು ತಂದ ಸೀರೆಗೆ ರೇಟು ಕೇಳಿ ಬೈದೆ ಅಲ್ವಾ. ಮಾರನೇ ದಿನ ಅದನ್ನೇ ಉಟ್ಕೊಂಡು ಸ್ಕೂಲಿಗೆ ಬಂದೆ. ಅರ್ಧ ಗಂಟೆ ಏಪ್ರನ್ ಕಟ್ಟಲೇ ಇಲ್ಲ. ಹೆಡ್‌ಮೇಷ್ಟ್ರು ಪ್ರೇಯರಲ್ಲಿ ಮಕ್ಕಳಿಗೆ ‘ಇವರ ಮಗಳು ಇದೇ ಸ್ಕೂಲಲ್ಲಿ ಓದಿ ಬೆಂಗಳೂರಲ್ಲಿ ನರ್ಸ್ ಆಗಿದ್ದಾಳೆ’ ಅಂದರು. ನಿಂಗೆ ಹೇಳಿರಲಿಲ್ಲ, ಯಾಕೆ ಹೇಳಲಿಲ್ಲವೋ.

ನೀನು ಬಂದರೂ ಆ ವಾಸನೆ ಇಲ್ಲಿ ಮೊದಲಿನ ಹಾಗೆ ಸಿಗಲ್ಲ ಈಗ. 2024ರ ಫೆಬ್ರವರಿಯಿಂದ ಹಾಲಿಗೆ ರಾಗಿ ಮಾಲ್ಟ್ ಬೆರೆಸ್ತೀವಿ. ಅಡುಗೆಮನೆ ತುಂಬ ಹುರಿಹಿಟ್ಟಿನ ಘಮ, ಅಜ್ಜಿ ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರೀತಿದ್ದಾಗಿನ ಹಾಗೆ. ಎಷ್ಟು ತಿರುವಿದರೂ ರಾಗಿ ತಳಕ್ಕೆ ಕೂರುತ್ತೆ, ಹಾಗಾಗಿ ಕೊನೆಗೆ ನಿಂತವರ ಲೋಟಕ್ಕೇ ಗಟ್ಟಿ ಬೀಳೋದು. ಹುಡುಗರಿಗೆ ಇದು ಗೊತ್ತಾಗಿ ಹಿಂದೆ ನಿಲ್ಲೋಕೇ ನೂಕುನುಗ್ಗಲು. ಇವತ್ತೂ ಅದೇ ಗಲಾಟೆ ಬಿಡಿಸಿ ಬಂದು ಕೂತೆ.

ಗುರುವಾರ ತಿಪಟೂರಿಂದ ಹೊರಡೋ ನಿನ್ನ ಮಾವನ ಕೈಲಿ ಒಂದು ಡಬ್ಬಿ ಹುರಿಹಿಟ್ಟು ಕಳಿಸ್ತೀನಿ. ತಣ್ಣೀರಲ್ಲಿ ಮೊದಲು ಕದಡ್ಕೋ. ನಿನ್ನ ಸ್ಟೀಲ್ ಲೋಟ ಇನ್ನೂ ಇದೆ, ಹೆಸರು ಕೆತ್ತಿಸಿದ್ದು. ಅಪ್ಪ ಅದರಲ್ಲಿ ಗಡ್ಡ ಕೆರೆಯೋ ನೀರು ಇಟ್ಕೊತಾರೆ. ಬೇಕಿದ್ದರೆ ಹೇಳು, ಉಜ್ಜಿ ತೊಳೆದು ಅದನ್ನೂ ಕಳಿಸ್ತೀನಿ.

ಇನ್ನೊಂದು ಕೇಳಬೇಕಿತ್ತು. ಅವತ್ತು ಬೈಸಿಕೊಂಡು ನೀನು ಲೋಟ ಹಿಡ್ಕೊಂಡು ಜಗಲಿ ಮೂಲೆಗೆ ಹೋದೆ. ನಾನು ಆ ಕಡೆ ತಿರುಗಲಿಲ್ಲ, ಹುಡುಗರಿಗೆ ಹುಯ್ತಿದ್ದೆ. ಆ ಅರ್ಧವನ್ನ ನೀನು ಕುಡಿದೆಯಾ, ಚೆಲ್ಲಿದೆಯಾ?

ಬೇಳೆ ಉಕ್ತಿದೆ.

ನಿನ್ನ ಅವ್ವ