ನೀರಿನ ತುದಿಯಲ್ಲಿ ನಿಂತ ರಸ್ತೆ

ಚಿ. ಮೇಘನಾಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಹೊಸ ಕೆಲಸ, ಬಾಡಿಗೆ ಮನೆ, ಅಡುಗೆ, ಎಲ್ಲಾ ಓದಿದೆ. ಅದನ್ನೆಲ್ಲ ನಿನ್ನ ಅಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಆ ಮಾತು ಇಲ್ಲಿ ಬೇಡ. ಆದರೆ ಮೂರನೇ ಪುಟದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ಎರಡು ರಾತ್ರಿಯಿಂದ ನನಗೆ ನಿದ್ದೆ ಕೊಟ್ಟಿಲ್ಲ. "ಮಾವ, ನೀವಿರೋವರೆಗೆ ಫೋನ್ ಮಾಡಿ ಕೇಳ್ತೀನಿ. ಆಮೇಲೆ ನಮ್ಮೂರಿನ ದಾರಿ ನನಗೆ ಯಾರು ಹೇಳ್ತಾರೆ?"

ಆ ರಾತ್ರಿ ನೀನು ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ಆವಿನಹಳ್ಳಿ ದಾಟಿದ ಮೇಲೆ ಮ್ಯಾಪ್ ಹೇಳಿತು ಅಂತ ಅಡ್ಡರಸ್ತೆಗೆ ಹೊರಳಿದೆ, ಡಾಂಬರು ಮುಗೀತು, ಆಮೇಲೆ ಕಾರಿನ ಲೈಟು ನೀರಿನ ಮೇಲೆ ಬಿತ್ತು ಅಂದೆ. ಗಾಡಿ ಹಿಂದಕ್ಕೆ ತಗೊಂಡು ಹೊಳೆಬಾಗಿಲಿಗೆ ಬಾ, ಸೇತುವೆ ಹತ್ತು ಅಂತ ಹೇಳಿ ಫೋನ್ ಇಟ್ಟೆ. ನಗಬಾರದಿತ್ತು.

ನೀನು ಹೋಗಿದ್ದು ತಪ್ಪು ರಸ್ತೆ ಅಲ್ಲ ಮಾರಾಯ್ತಿ, ಹಳೇ ರಸ್ತೆ. ಶರಾವತಿ ಹಿನ್ನೀರಿನ ಈ ದಡದಲ್ಲೂ ಆ ದಡದಲ್ಲೂ ಅಂಥವು ಬೇಕಾದಷ್ಟಿವೆ. ನೆಟ್ಟಗೆ ಹೋಗಿ ನೀರಿಗೆ ಇಳಿಯುತ್ತವೆ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, ಒಂದಿಷ್ಟು ಊರು, ಒಂದಿಷ್ಟು ದಾರಿ ಹೋದವು. 16 ವರ್ಷಕ್ಕೆ ಲಿಂಗನಮಕ್ಕಿ ಅಣೆಕಟ್ಟು ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ನನಗಾಗ 12 ವರ್ಷ. ಎಷ್ಟೋ ಮನೆಯವರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆ ಕಾಡಿಗೆ ಒಯ್ದು ಇಳಿಸಿದರು. ನಾವು ಮೇಲಿನ ಗುಡ್ಡಕ್ಕೆ ಬಂದೆವು. ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ ಅನ್ನೋದು ನಮ್ಮ ಕಡೆ ಮಗ್ಗಿ ಇದ್ದ ಹಾಗೆ. ಇವತ್ತಿಗೂ ಮಳೆಗಾಲದಲ್ಲಿ ಪೇಪರ್ ಬಂದರೆ ನಾನು ಮೊದಲು ನೋಡುವುದು ಅಣೆಕಟ್ಟೆಯ ಮಟ್ಟವನ್ನೇ.

ನಿನ್ನ ಅಜ್ಜ ನೋಡುತ್ತಿದ್ದುದು ಬೇಸಿಗೆಯಲ್ಲಿ. ಅವರಿಗೆ ಮಟ್ಟ ಇಳಿಯೋದು ಬೇಕಿತ್ತು. ಏಪ್ರಿಲ್ ಕಳೆದು ನೀರು ಚೆನ್ನಾಗಿ ಇಳಿದ ವರ್ಷ ಬೆಳಿಗ್ಗೆ ಗಂಜಿ ಕುಡಿದು ಕೆಳಗೆ ಹೊರಟುಬಿಡುತ್ತಿದ್ದರು. ಮೊದಲು ಕಪ್ಪಾದ ಮರದ ಬುಡಗಳು ಕಾಣುತ್ತವೆ. ಆಮೇಲೆ ಬಿರುಕು ಬಿಟ್ಟ ಕೆಸರು. ಅದರ ನಡುವೆ ಆ ರಸ್ತೆ, ಜಲ್ಲಿ ಹಾಗೇ ಇರುತ್ತಿತ್ತಂತೆ. ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ಜಗಲಿಯಲ್ಲಿ ಕೂತು ಹೇಳುವುದು ಒಂದೇ ಮಾತು, "ಮೋರಿ ಇನ್ನೂ ಗಟ್ಟಿ ಇದೆ." ಮನೆಯ ಬಗ್ಗೆ ಮಾತಿಲ್ಲ, ತೋಟದ ಬಗ್ಗೆ ಮಾತಿಲ್ಲ. ಮೋರಿ! ನನಗೆ ಆಗ ಸಿಟ್ಟು ಬರುತ್ತಿತ್ತು.

ಒಂದು ವರ್ಷ ಅವರೇ ಕರೆದರು. "ಈ ಸಲ ಜಾಸ್ತಿ ಇಳಿದಿದೆ. ಬಾ, ಅಡಿಪಾಯ ತೋರಿಸ್ತೀನಿ." ನಾನು ಜಮೀನು ಅಳತೆ ಕೆಲಸದಲ್ಲಿದ್ದೆ, ಬೇಸಿಗೆ ಅಂದರೆ ನಮಗೆ ಬಿಡುವಿಲ್ಲ. ಮುಂದಿನ ವರ್ಷ ಹೋಗೋಣ ಅಪ್ಪಯ್ಯ ಅಂದೆ. ಮುಂದಿನ ವರ್ಷ ನೀರು ಅಷ್ಟು ಇಳಿಯಲೇ ಇಲ್ಲ. ಅದರ ಮುಂದಿನ ವರ್ಷ ಅವರಿಗೆ ಕಾಲು ಬರಲಿಲ್ಲ.

ಹಾಗಾಗಿ ನೀನು ತಿಳಿದುಕೊಂಡ ಹಾಗೆ ನನಗೆ ದಾರಿ ಗೊತ್ತಿದೆ ಅಂತ ಅಲ್ಲ ಕೂಸೆ. ನಕ್ಷೆಯಲ್ಲಿ ಗೊತ್ತಿದೆ. ಹಳೇ ಗ್ರಾಮ ನಕ್ಷೆಯ ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ, ಮಡಿಕೆ ಹತ್ತಿರ ಹರಿದಿದೆ. ಬಂಡಿದಾರಿಗೆ ಜೋಡಿ ಗೀರು, ಕಾಲುದಾರಿಗೆ ಒಂಟಿ ಸಾಲು ಚುಕ್ಕೆ. ನಮ್ಮ ಮನೆ ಇದ್ದ ಜಾಗ ಮೋರಿಯಿಂದ ಎಷ್ಟು ಸರಪಳಿ, ಎಷ್ಟು ಆಣೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. (ನಮ್ಮ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನೀನು ಚಿಕ್ಕವಳಿದ್ದಾಗ ಇದನ್ನು ಹೇಳಿಕೊಟ್ಟಿದ್ದೆ, ಮರೆತಿರುತ್ತೀಯ.) ಆದರೆ ಕಾಲಿಗೆ ಗೊತ್ತಿಲ್ಲ. ಅಪ್ಪಯ್ಯನ ಕಾಲಿಗೆ ಗೊತ್ತಿತ್ತು.

ಇನ್ನೊಂದು ಹೇಳಬೇಕು, ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೂರಿಗೆ ಪೋಡಿಗೆ, ಅಂದರೆ ಜಮೀನು ಅಳೆದು ಪಾಲು ಮಾಡಲು, ಹೋಗಿದ್ದೆ. ಒಬ್ಬ ಅಜ್ಜಿ ಬಂದು, ನನ್ನ ಬಾವಿಗೆ ಹೋಗೋ ದಾರಿ ಇದು, ನನ್ನ ಅತ್ತೆಯೂ ಇದರಲ್ಲೇ ಹೋಗುತ್ತಿದ್ದಳು ಅಂದಳು. ಹುಲ್ಲು ಸವೆದು ನೆಲ ಕೆಂಪಾಗಿ ಕಾಣುತ್ತಿತ್ತು. ನಕ್ಷೆ ಬಿಚ್ಚಿ ನೋಡಿದೆ, ಚುಕ್ಕೆ ಇರಲಿಲ್ಲ. "ನಕ್ಷೆಯಲ್ಲಿ ಇಲ್ಲಮ್ಮ, ನನ್ನ ಕೈಯಲ್ಲಿ ಏನೂ ಇಲ್ಲ" ಅಂದೆ. ಆಚೆಯವರು ಮರುದಿನವೇ ಬೇಲಿ ಕಟ್ಟಿದರು. ಕಾಗದದ ಮೇಲೆ ನನ್ನದು ಸರಿ. ಸುಮ್ನೆ ಒಂದು ಮಾತು, ಓಡಾಡಲು ಬಿಡಿ ಅಂತ ಆಚೆಯವರಿಗೆ ಹೇಳಬಹುದಿತ್ತು, ಅಲ್ವಾ? ಹೇಳಲಿಲ್ಲ. ಕೊಡ ಹೊತ್ತು ಸುತ್ತಿ ಬರುತ್ತಿದ್ದ ಅವಳನ್ನು ಎರಡು ದಿನ ನೋಡಿದೆ.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ. ದಾರಿ ಯಾರು ಹೇಳುತ್ತಾರೆ ಅಂತ ಕೇಳಿದೆ. ಮೊದಲಾಗಿದ್ದರೆ ಹಿನ್ನೀರು ದಾಟಿಸುವ ಲಾಂಚ್ ಹೇಳುತ್ತಿತ್ತು. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಸಿಗಂದೂರಿಗೆ ಹೋಗುವವರು, ಎಲ್ಲಾ ಒಂದೇ ಹಲಗೆಯ ಮೇಲೆ. ಯಾರಾದರೂ ನಿನ್ನ ಮುಖ ನೋಡಿ "ಯಾರ ಮನೆ ಮಗಳು?" ಅಂತ ಕೇಳದೆ ದಡ ಮುಟ್ಟುತ್ತಿರಲಿಲ್ಲ. ನಿನ್ನ ಅಮ್ಮನ ಹೆಸರು ಹೇಳಿದರೆ ಮನೆ ಬಾಗಿಲಿಗೇ ತಂದು ಬಿಡುತ್ತಿದ್ದರು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಏನು ಪಾಡು ಅಂತ ನನಗೂ ಗೊತ್ತು, ನೋವು ಬಂದ ಬಸುರಿಯರನ್ನು ಇಟ್ಟುಕೊಂಡು ದಡದಲ್ಲಿ ಕಾದವರನ್ನು ನೋಡಿದ್ದೇನೆ. ಅದು ಚಂದ ಇತ್ತು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2.44 ಕಿಲೋಮೀಟರ್. ನೀರು ಬಂದ 61 ವರ್ಷಕ್ಕೆ. ಮೊದಲ ಸಲ ದಾಟಿದಾಗ ನಾನು ಅತ್ತೆ. ಎರಡನೇ ಸಲ ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ, ಹೊಳೆ ದಾಟಿದ್ದೇ ಗೊತ್ತಾಗಲಿಲ್ಲ.

ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಹೆಸರು, ನಂಬರು ಬದಲಾದರೆ ತಲೆ ಕೆಡಿಸಿಕೊಳ್ಳಬೇಡ. ಹೆದ್ದಾರಿ 206 ಇದ್ದದ್ದು 69 ಆಯಿತು, ಶಿಮೊಗಾ ಅಂತ ಬೋರ್ಡ್ ಇದ್ದದ್ದು 2014ರಲ್ಲಿ ಶಿವಮೊಗ್ಗ ಆಯಿತು, ನಾವು ಮೊದಲಿನಿಂದ ಹಾಗೇ ಅನ್ನುತ್ತಿದ್ದೆವು. ಕೇಳುವವರು ಇಲ್ಲದ್ದು ಬೇರೆ ವಿಷಯ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ನಿನಗೆ ಬುದ್ಧಿ ಹೇಳುವಷ್ಟು ನಾನು ದೊಡ್ಡವನಲ್ಲ, ಆದರೂ ನಾಲ್ಕು ಮಾತು. ರಾತ್ರಿ ಆ ಕಡೆ ಬರಬೇಡ. ಬಂದರೂ ಸಾಗರದಲ್ಲಿ ನಿಂತು ಚಹಾ ಕುಡಿದು ಒಬ್ಬರನ್ನು ಕೇಳು, ರಸ್ತೆ ಹೆಸರು ಕೇಳಬೇಡ, ಮನೆ ಹೆಸರು ಕೇಳು. ಫೋನಿನಲ್ಲಿ ದಿಶಾಂಕ್ ಅಂತ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಾವು ಮೂರು ಜನ ದಿನವಿಡೀ ಬಿಸಿಲಲ್ಲಿ ಸರಪಳಿ ಎಳೆದು ಹುಡುಕುತ್ತಿದ್ದುದನ್ನು ಅದು ಕ್ಷಣದಲ್ಲಿ ಹೇಳುತ್ತದೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕು. ನೀರು ಇಳಿದಿದ್ದರೆ ಇಬ್ಬರೂ ಕೆಳಗೆ ಹೋಗೋಣ. ನಾನು ನಕ್ಷೆ ಹಿಡಿಯುತ್ತೇನೆ, ನೀನು ನಡಿ. ನನ್ನ ಮಂಡಿ ಮೋರಿಯವರೆಗೆ ಬಂದರೆ ಹೆಚ್ಚು. ಅಲ್ಲಿಂದ ಮುಂದಕ್ಕೆ ನೀನೊಬ್ಬಳೇ ಹೋಗಬೇಕು, ನಾನು ಕೂತಲ್ಲಿಂದ ಕೂಗಿ ಹೇಳುತ್ತೇನೆ. ಹಳೇ ಚಪ್ಪಲಿ ತಾ, ಕೆಸರು ಬಿಡಲ್ಲ.

ಬರುವಾಗ ಸೇತುವೆ ಇಳಿದ ಮೇಲೆ ಹಲಸಿನಮರದ ಕ್ರಾಸ್ ಎಲ್ಲಿ ಅಂತ ಕೇಳು. ಮರ ರಸ್ತೆ ಅಗಲ ಮಾಡುವಾಗಲೇ ಹೋಯಿತು. ಆದ್ರೂ ಹಾಗೇ ಕೇಳು, ಹೇಳ್ತಾರೆ.

ಇತಿ,
ನಿನ್ನ ಮಾವ