ಕಿವಿ ಕಟ್ಟಿದೆ ಅಂತ ಕಿವಿಗೆ ಕಡ್ಡಿ ಹಾಕಬೇಡ

ಪ್ರೀತಿಯ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಎಡಗಿವಿ ಕಟ್ಟಿ ನಾಲ್ಕೈದು ತಿಂಗಳಾಯಿತು, ಆಕಳಿಸಿದರೆ ಟಕ್ ಅಂತ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ, ಮೆಡಿಕಲ್‌ನವನು ಕೊಟ್ಟ ಡ್ರಾಪ್ಸ್ ಮುಗಿಯಿತು, ಅತ್ತೆ ಹೇಳಿದರು ಅಂತ ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಟ್ಟುಕೊಂಡದ್ದೂ ಆಯಿತು. ಏನೂ ಕಡಿಮೆ ಆಗಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ, ಇನ್ನರ್ಧ ಆ ಕಿವಿಗೆ ಕೇಳಿಸುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ.

ಮೊದಲು ಎಣ್ಣೆ ನಿಲ್ಲಿಸು. ಬಡ್ಸ್ ನಿಲ್ಲಿಸು. ಸೀರೆಯ ಪಿನ್ನು, ಬೆಂಕಿಕಡ್ಡಿ, ಪೆನ್ನಿನ ರೀಫಿಲ್ಲು, ಸ್ಟಾಫ್ ರೂಮಿನಲ್ಲಿ ಕೂತು ನೀವು ಮೇಡಂಗಳು ಏನೇನು ಹಾಕಿ ಕೆದಕುತ್ತೀರೋ ಅದೆಲ್ಲ ನಿಲ್ಲಿಸು. ಯಾಕಂದರೆ ಇಷ್ಟು ದಿನದಲ್ಲಿ ಒಬ್ಬರೂ ನಿನ್ನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿಲ್ಲ. ಆಸ್ಪತ್ರೆಯ ಇಎನ್‌ಟಿ, ಅಂದರೆ ಕಿವಿ ಮೂಗು ಗಂಟಲಿನ ಓಪಿಡಿಯಲ್ಲಿ ನರ್ಸ್ ಆಗಿ ನಿಂತು ವರ್ಷಗಟ್ಟಲೆ ಕಂಡದ್ದು ಹೇಳುತ್ತೇನೆ ಕೇಳು. 'ಕಿವಿ ಕಟ್ಟ್ಯಾದ್ರಿ ಸಿಸ್ಟರ್' ಅಂತ ಬಂದವರಲ್ಲಿ ಎಷ್ಟೋ ಜನರ ಕಿವಿಯ ದಾರಿ ಸ್ವಚ್ಛವಾಗಿಯೇ ಇರುತ್ತಿತ್ತು. ಒಬ್ಬರಿಗೆ ತೊಂದರೆ ಮೂಗಿನ ಹಿಂದೆ, ಇನ್ನೊಬ್ಬರಿಗೆ ದವಡೆಯಲ್ಲಿ, ಮತ್ತೊಬ್ಬರಿಗೆ ಒಳಗಿನ ನರದಲ್ಲಿ. ಅವರೆಲ್ಲ ಮಾಡಿದ ಕೆಲಸ ಮಾತ್ರ ಒಂದೇ, ಕಿವಿಗೆ ಏನಾದರೂ ಹಾಕುವುದು. ಕಾದ ಎಣ್ಣೆ ಬಿಟ್ಟುಕೊಂಡು ಚರ್ಮ ಸುಟ್ಟುಕೊಂಡು ಬಂದವರು ಉಂಟು. ಕಿವಿಯ ಪರದೆ ತೂತಾಗಿದ್ದವರಿಗೆ ಎಣ್ಣೆ ಒಳಗೇ ಇಳಿದು ಕೀವಾದದ್ದೂ ಉಂಟು.

ಗುಗ್ಗೆ ಇದ್ದರೆ? ಇರಬಹುದು, ಅದು ಎಲ್ಲಕ್ಕಿಂತ ಸುಲಭದ ಕೇಸು. ಗುಗ್ಗೆ ಹೊಲಸಲ್ಲ, ಕಿವಿಯ ಕಾವಲಿಗೆ ಮೈಯೇ ಮಾಡಿಕೊಂಡದ್ದು, ತಾನಾಗಿಯೇ ಹೊರಗೆ ಸರಿಯುತ್ತದೆ. ಬಡ್ಸ್ ಹಾಕಿದಾಗ ತುದಿಗೆ ಒಂಚೂರು ಹತ್ತುತ್ತದೆ, ಉಳಿದದ್ದನ್ನು ಪರದೆಯ ಹತ್ತಿರಕ್ಕೆ ನೂಕಿ ಗಟ್ಟಿ ಮಾಡುತ್ತೀವಿ. ದಿನವಿಡೀ ಕಿವಿಗೆ ಸಿಕ್ಕಿಸಿಕೊಳ್ಳುವ ಆ ಬ್ಲೂಟೂತ್ ಗುಂಡಿಗಳೂ ಅದನ್ನೇ ಮಾಡುತ್ತವೆ. ಆಸ್ಪತ್ರೆಯಲ್ಲಿ ಮೊದಲು ಮೆತ್ತಗಾಗಲು ಹನಿ ಕೊಡುತ್ತಾರೆ, ಆಮೇಲೆ ಕೊಕ್ಕೆಯಿಂದಲೋ ಸಕ್ಷನ್ನಿಂದಲೋ ಇಲ್ಲವೇ ನೀರು ಹಾಯಿಸಿಯೋ ತೆಗೆಯುತ್ತಾರೆ. ನೀರು ಹಾಯಿಸುವಾಗ ಅದು ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿಯಷ್ಟೇ ಇರಬೇಕು. ಸ್ವಲ್ಪ ತಣ್ಣಗಿದ್ದರೂ ಕೂತವರಿಗೆ ಗರಗರ ತಲೆ ಸುತ್ತುತ್ತದೆ. ಕಿವಿ ಕೆಳಗೆ ಸ್ಟೀಲಿನ ಟ್ರೇ ಹಿಡಿದು ನಿಂತಿರುತ್ತಿದ್ದೆ, ಕಂದು ಬಣ್ಣದ ಗಟ್ಟಿ ಉಂಡೆ ಟಪ್ ಅಂತ ಅದರಲ್ಲಿ ಬೀಳುತ್ತಿತ್ತು. ಕೂತವರು ಬೆಚ್ಚಿ ತಲೆ ಎತ್ತಿ ಫ್ಯಾನ್ ನೋಡುತ್ತಿದ್ದರು, 'ಇದು ಇಷ್ಟ್ಯಾಕ ಸಪ್ಪಳ ಮಾಡ್ತದ್ರಿ?' ಅಂತ. ಆದರೆ ನಿನಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಇದ್ದವರ ಕಿವಿಗೆ ಗಾಯವಾಗಿ ಸೋಂಕು ಹತ್ತಿದರೆ ಅದು ಎಲುಬಿನವರೆಗೂ ಇಳಿಯಬಹುದು. ಹಾಗಾಗಿ ಡಾಕ್ಟರ ಮುಂದೆ ಕೂತ ತಕ್ಷಣ ಅದನ್ನೇ ಮೊದಲು ಹೇಳು. ಪೇಟೆಯಲ್ಲಿ ಕಿವಿ ಸ್ವಚ್ಛ ಮಾಡುತ್ತೇನೆ ಅಂತ ಸಲಾಕೆ ಹಿಡಿದು ಓಡಾಡುವವರ ಹತ್ತಿರ ಅಂತೂ ಹೋಗಲೇಬೇಡ.

ಆಕಳಿಸಿದರೆ ಬಿಡುತ್ತದೆ ಅಂದೆಯಲ್ಲ, ಅದರಿಂದ ನನಗೆ ಬೇರೆಯದೇ ಅನುಮಾನ. ಪರದೆಯ ಹಿಂದೆ ಗಾಳಿ ತುಂಬಿದ ಸಣ್ಣ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಕೆ ಇಳಿಯುತ್ತದೆ, ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ಅಜ್ಜನ ಮಾಳಿಗೆ ಮನೆಯ ಬೆಳಕಿಂಡಿ ನೆನಪಿದೆಯಾ? ಅದನ್ನು ಮುಚ್ಚಿದರೆ ಒಳಗೆ ಹೇಗೆ ಉಸಿರುಗಟ್ಟುತ್ತಿತ್ತೋ, ಈ ನಳಿಕೆ ಬಾತರೂ ಹಾಗೆಯೇ. ಅದು ಯಾವಾಗಲೂ ಮುಚ್ಚಿರುತ್ತದೆ, ನುಂಗಿದಾಗ ಮತ್ತು ಆಕಳಿಸಿದಾಗ ಒಂದು ಕ್ಷಣ ತೆರೆದು ಗಾಳಿ ಬಿಡುತ್ತದೆ. ನೆಗಡಿ, ಅಲರ್ಜಿ, ಸೈನಸ್, ಬೀಡಿ ಹೊಗೆ, ಹೊಟ್ಟೆಯ ಹುಳಿ ಗಂಟಲಿಗೆ ಬರುವುದು, ಇವುಗಳಿಂದ ಅದರ ಬಾಯಿ ಬಾತುಕೊಂಡರೆ ಗಾಳಿ ಹೋಗುವುದಿಲ್ಲ, ಪರದೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ಈಗ ನೀನೇ ಹೇಳು, ಕಿವಿಯ ಹೊರಗಡೆಯಿಂದ ಬಿಟ್ಟ ಬೆಳ್ಳುಳ್ಳಿ ಎಣ್ಣೆ ಪರದೆ ದಾಟಿ ಅಲ್ಲಿಗೆ ಹೇಗೆ ಹೋಗಬೇಕು?

ಸೇಡಂನಲ್ಲಿ ಇದ್ದೀ, ಧೂಳಿಗೇನು ಕಡಿಮೆ? ಸಿಮೆಂಟ್ ಫ್ಯಾಕ್ಟರಿಯದು ಒಂದು ಕಡೆ. ಡಿಸೆಂಬರ್, ಜನವರಿ ಬಂದರೆ ತೊಗರಿ ರಾಶಿ, ಮಷಿನ್ ಮುಂದೆ ನಿಂತರೆ ಮೂಗು ಮುಖ ಎಲ್ಲ ಹೊಟ್ಟೇ. ಶಾಲೆಯಲ್ಲಿ ಸೀಮೆಸುಣ್ಣ. ಬೇಸಿಗೆಗೆ ಕೂಲರ್, ಅದರ ಹುಲ್ಲು ಹೋದ ವರ್ಷದ್ದೇ ಅಲ್ವಾ? ಒದ್ದೆಯಾಗಿ ಒಣಗಿದ ಹಳೇ ಹುಲ್ಲಿನಲ್ಲಿ ಬೂಸಲು ಹಿಡಿಯುತ್ತದೆ, ಆ ಗಾಳಿಯನ್ನೇ ರಾತ್ರಿಯಿಡೀ ಮೂಗಿಗೆ ಊದಿಸಿಕೊಂಡು ಮಲಗುತ್ತೀವಿ. ಹೊಸ ಹುಲ್ಲು ಹಾಕಿಸು, ಟ್ಯಾಂಕು ತಿಕ್ಕಿ ತೊಳೆಸು, ಗಾಳಿ ಮುಖಕ್ಕೆ ನೇರ ಬರದಂತೆ ತಿರುಗಿಸಿಡು. ರಾಶಿಗೆ ಹೋಗುವಾಗ ಸೆರಗು ಸಾಲದು, ಮಾಸ್ಕ್ ಕಟ್ಟಿಕೋ.

ಒಂದು ಸಣ್ಣ ಪರೀಕ್ಷೆ ಈಗಲೇ ಮಾಡಿನೋಡು. ಬಾಯಿ ಮುಚ್ಚಿ ಉದ್ದಕ್ಕೆ 'ಹ್ಞೂಂ' ಅನ್ನು. ದನಿ ಕಟ್ಟಿದ ಕಿವಿಯಲ್ಲೇ ಜಾಸ್ತಿ ಮೊಳಗಿದರೆ ಗುಗ್ಗೆಯೋ ನೀರೋ ನಳಿಕೆಯೋ, ಅಂಥದ್ದೇನೋ ಅಡ್ಡ ಇರಬಹುದು. ಕಟ್ಟಿದ ಕಿವಿ ಬಿಟ್ಟು ಒಳ್ಳೆಯ ಕಿವಿಯಲ್ಲಿ ಮೊಳಗಿದರೆ ನರದ ಕಡೆ ಅನುಮಾನ. ಡಾಕ್ಟರು ಟ್ಯೂನಿಂಗ್ ಫೋರ್ಕ್, ಅಂದರೆ ಬಡಿದರೆ ಮೊಳಗುವ 512 ಹರ್ಟ್ಸ್‌ನ ಲೋಹದ ಕವಲು, ಹಣೆ ಮೇಲಿಟ್ಟು ನೋಡುವುದೂ ಇದನ್ನೇ. ಇದು ಬರೀ ಸುಳಿವು ಅಷ್ಟೇ, ಇಷ್ಟರ ಮೇಲೆ ತೀರ್ಮಾನ ಮಾಡಿ ಮನೆಯಲ್ಲಿ ಕೂರಬೇಡ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಒಂದು ಕಿವಿ ಕಟ್ಟುವುದರಲ್ಲಿ ಒಂದು ಮಾತ್ರ ಕಾಯುವ ಕೇಸಲ್ಲ. ಚೆನ್ನಾಗಿದ್ದ ಕಿವಿ ಒಮ್ಮೆಲೇ, ಕೆಲವು ಗಂಟೆಗಳಲ್ಲೋ ಎರಡು ಮೂರು ದಿನದಲ್ಲೋ ಮಂದವಾಗಿ, ಗುಂಯ್ ಅನ್ನತೊಡಗಿದರೆ ಅದು ನರಕ್ಕೆ ಬಿದ್ದ ಪೆಟ್ಟು ಇರಬಹುದು. ಅದೂ ಬರೀ 'ಕಟ್ಟಿದಂಗಾಗ್ಯಾದ' ಅನಿಸುತ್ತದೆ, ನೋವು ಇರುವುದಿಲ್ಲ. ಗುಗ್ಗೆ ಇರಬೇಕು ಬಿಡು ಅಂತ ತಿಂಗಳು ಕಳೆದು ಬಂದವರನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಶುರುವಾದರೆ ಮರಳುವ ಸಾಧ್ಯತೆ ಜಾಸ್ತಿ, ಎರಡು ವಾರ ದಾಟಿದರೆ ಕಷ್ಟ. ನಿನ್ನದು ಹಾಗೆ ಶುರುವಾದದ್ದಲ್ಲ ಅಂತ ನೀನು ಬರೆದದ್ದರಿಂದ ಅನಿಸುತ್ತದೆ, ಆದರೂ ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರಲಿ. ಅಂಥದ್ದಾದರೆ ಅಂದೇ ಹೊರಡಬೇಕು, ಸೋಮವಾರ ನೋಡೋಣ ಅನ್ನುವಂತಿಲ್ಲ.

ದವಡೆ ಮರೆತೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ಅಗಲ ತೆರೆದು ಮುಚ್ಚು. ಕಟಕ್ ಅಂತ ಸಪ್ಪಳ, ಒತ್ತಿದರೆ ನೋವು ಇದ್ದರೆ ದವಡೆಯ ಕೀಲಿನಿಂದಲೂ ಕಿವಿ ತುಂಬಿದಂತಾಗುತ್ತದೆ. ಚಿಂತೆಯಲ್ಲಿ ರಾತ್ರಿ ಹಲ್ಲು ಕಡಿಯುವವರಿಗೆ ಇದು ಬಹಳ. ಹಾಗಿದ್ದರೆ ಕೆಲವು ವಾರ ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನೇ ಬೇಳೆಯಲ್ಲಿ ನೆನೆಸಿ ತಿನ್ನು, ಅಡಿಕೆ ಬಿಡು. ಹಲ್ಲಿನ ಡಾಕ್ಟರಿಗೂ ತೋರಿಸು.

ಇನ್ನು ನಿನ್ನ ಪ್ರಶ್ನೆ, ಇದು ಮುಟ್ಟು ನಿಲ್ಲುವ ವಯಸ್ಸಿನದಾ ಅಂತ. ಆ ಹೊತ್ತಿನಲ್ಲಿ ಕೆಲವರಿಗೆ ಮೂಗು, ಬಾಯಿ, ಕಣ್ಣು ಒಣಗುವುದುಂಟು, ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಕಿವಿಯ ಗುಂಯ್ ಸಪ್ಪಳ ಎರಡು ಪಟ್ಟು ಅನಿಸುತ್ತದೆ. ಆದರೆ ನಲವತ್ತು ದಾಟಿದ ಹೆಂಗಸು ಏನು ಹೇಳಿದರೂ 'ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ' ಅಂದು ಕಳಿಸುತ್ತಾರಲ್ಲ, ಅದನ್ನು ಒಪ್ಪಿಕೊಳ್ಳಬೇಡ. ಥೈರಾಯ್ಡ್ ಮಾಡಿಸು, ಸಕ್ಕರೆ ನೋಡಿಸು. ಹಾಗೇ ಒಂದು ಮಾತು, ಈ ವರ್ಷ ವಾಕಿಂಗ್ ಮಾಡಿ ಗಬಗಬ ತೂಕ ಇಳಿಸಿದ್ದೀಯಂತೆ. ತೂಕ ಜೋರಾಗಿ ಇಳಿದವರಲ್ಲಿ ಕೆಲವೊಮ್ಮೆ ಆ ನಳಿಕೆ ಉಲ್ಟಾ ತೆರೆದೇ ಉಳಿಯುತ್ತದೆ. ಆಗ ನಿನ್ನ ದನಿ, ನಿನ್ನ ಉಸಿರು ನಿನ್ನ ಕಿವಿಯಲ್ಲೇ ಗಟ್ಟಿಯಾಗಿ ಕೇಳಿಸುತ್ತದೆ, ಮಲಗಿದರೆ ಕಡಿಮೆ ಆಗುತ್ತದೆ. ಹಾಗೇನಾದರೂ ಇದ್ದರೆ ಡಾಕ್ಟರಿಗೆ ಬಿಡಿಸಿ ಹೇಳು, ಯಾಕಂದರೆ ಮೂಗು ಬಿಡಿಸುವ ಔಷಧಿ ಅದಕ್ಕೆ ಆಗಿಬರುವುದಿಲ್ಲ.

ನಳಿಕೆಯದೇ ತೊಂದರೆ ಅಂತಾದರೆ ದಿಢೀರ್ ಮದ್ದು ಇಲ್ಲ. ದಿನಾ ಉಪ್ಪುನೀರಿನಿಂದ ಮೂಗು ತೊಳೆ. ಕುದಿಸಿ ಆರಿಸಿದ ನೀರೇ ಆಗಬೇಕು, ನಳದ್ದು ಬೋರಿನದು ಹಾಗೇ ಬೇಡ. 250 ಮಿಲಿಗೆ ಅರ್ಧ ಟೀ ಚಮಚಕ್ಕಿಂತ ಒಂಚೂರು ಕಡಿಮೆ ಉಪ್ಪು. ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಕೊಡಬಹುದು, ಅಲರ್ಜಿ ಇದ್ದರೆ ಒಳ್ಳೆಯ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಅಷ್ಟಕ್ಕಷ್ಟೇ. ಅದನ್ನು ಹೊಡೆದುಕೊಳ್ಳುವ ರೀತಿ ಬಹಳ ಜನಕ್ಕೆ ಬರುವುದಿಲ್ಲ. ತಲೆ ಸ್ವಲ್ಪ ಬಗ್ಗಿಸು, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿ, ತುದಿ ಮೂಗಿನ ನಡುಗೋಡೆಗಲ್ಲ, ಎಡಗಣ್ಣಿನ ಹೊರಮೂಲೆಯ ಕಡೆ ಇರಲಿ. ಮೆಲ್ಲಗೆ ಉಸಿರೆಳೆ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ಹೋಗುತ್ತದೆ, ಆಮೇಲೆ 'ಸ್ಪ್ರೇ ಕಹಿ, ಉಪಯೋಗ ಇಲ್ಲ' ಅನ್ನುತ್ತೀರಿ. ಒಂದೆರಡು ವಾರ ಬಿಡದೆ ಹೊಡೆದರೆ ಮಾತ್ರ ಗುಣ ಗೊತ್ತಾಗುತ್ತದೆ. ತಕ್ಷಣ ಮೂಗು ಬಿಡಿಸುವ ಇನ್ನೊಂದು ಜಾತಿಯ ಡ್ರಾಪ್ಸ್ ಇದೆಯಲ್ಲ, ಝೈಲೋಮೆಟಜೋಲಿನ್, ಅದನ್ನು ಐದು ದಿನದ ಮೇಲೆ ಹಾಕಬೇಡ. ಚಟವಾಗಿ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ನಿಮ್ಮ ಯಜಮಾನರು ಬಿಪಿ ಇಟ್ಟುಕೊಂಡು ನೆಗಡಿ ಮಾತ್ರೆ ನುಂಗುತ್ತಾರಲ್ಲ, ಅವರಿಗೂ ಹೇಳು, ಕೆಲವು ಮಾತ್ರೆಗಳಿಂದ ಬಿಪಿ ಏರುತ್ತದೆ.

ಮೂಗು ಹಿಡಿದು ಬಾಯಿ ಮುಚ್ಚಿ ಊದುವುದು ನಿನಗೆ ಗೊತ್ತು. ಮೆಲ್ಲಗೆ ಮಾಡಿದರೆ ಸರಿ, ಪರದೆ ಹರಿಯುವಂತೆ ಊದಬೇಡ, ನೆಗಡಿ ಇದ್ದಾಗ ಮಾಡಲೇಬೇಡ. ಅದಕ್ಕಿಂತ ಮೂಗು ಹಿಡಿದು ಒಂದು ಗುಟುಕು ನೀರು ನುಂಗುವುದು ಒಳ್ಳೆಯದು.

ಒಂದೇ ಕಿವಿ, ಅದೂ ಇಷ್ಟು ದಿನ ಆಗಿದ್ದರಿಂದ ಡಾಕ್ಟರು ಮೂಗಿನಲ್ಲಿ ತೆಳ್ಳಗಿನ ದುರ್ಬೀನು ಹಾಕಿ ಹಿಂದಿನವರೆಗೂ ನೋಡುತ್ತೇನೆ ಅನ್ನಬಹುದು. ಬೇಡ ಅನ್ನಬೇಡ. ದೊಡ್ಡವರಿಗೆ ಒಂದೇ ಕಡೆ ಪರದೆಯ ಹಿಂದೆ ನೀರು ನಿಂತರೆ ಮೂಗಿನ ಹಿಂದೆ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಹಳ ಸಲ ಏನೂ ಇರುವುದಿಲ್ಲ, ನೋಡಿದ ಮೇಲೆ ನೆಮ್ಮದಿ. ಗಾಜಿನ ಕೋಣೆಯಲ್ಲಿ ಕೂರಿಸಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಆಡಿಯೋಗ್ರಾಮ್ ಮಾಡುತ್ತಾರೆ, ಪರದೆ ಎಷ್ಟು ಅಲ್ಲಾಡುತ್ತದೆ ಅಂತ ಇನ್ನೊಂದು ಪರೀಕ್ಷೆ, ಟಿಂಪನೋಮೆಟ್ರಿ. ಎರಡರಲ್ಲೂ ನೋವಿಲ್ಲ. ನೀರು ನಿಂತು ಇಳಿಯದೇ ಹೋದರೆ ಪರದೆಯಲ್ಲಿ ಸಣ್ಣ ಕೊಳವೆ ಕೂರಿಸುವುದೂ ಇದೆ, ಅದು ಆಮೇಲಿನ ಮಾತು.

ಅಲ್ಲಿಯವರೆಗೆ, ಕಿವಿ ಕೇಳಿಸದ್ದನ್ನು ಮುಚ್ಚಿಡುವುದನ್ನು ಬಿಡು. ಕೇಳಿಸದೆ 'ಹೂಂ ಹೂಂ' ಅನ್ನುವುದರಿಂದಲೇ ಅರ್ಧ ಜಗಳ. 'ನಿಂಗ ಕಿವಿ ಕೇಳ್ಸಂಗಿಲ್ಲೇನು' ಅಂತ ಮನೆಯಲ್ಲಿ ರೇಗುತ್ತಾರೆ ಅಂದೆಯಲ್ಲ, ನೇರವಾಗಿ ಹೇಳು, ಎಡಗಡೆಯಿಂದ ಕೇಳುವುದಿಲ್ಲ, ಬಲಕ್ಕೆ ಬಂದು ಮುಖ ನೋಡಿ ಮಾತಾಡಿ ಅಂತ. ತರಗತಿಯಲ್ಲಿ ಬಲಗಿವಿ ಮಕ್ಕಳ ಕಡೆ ಇರುವಂತೆ ನಿಲ್ಲು, ಉತ್ತರ ಹೇಳುವ ಮಗುವನ್ನು ಎದ್ದು ನಿಲ್ಲಿಸು, ತುಟಿ ಕಂಡರೆ ಅರ್ಧ ತಿಳಿಯುತ್ತದೆ. ರಾತ್ರಿ ಗುಂಯ್ ಅನ್ನುವಾಗ ಪೂರ್ತಿ ನಿಶ್ಶಬ್ದ ಬೇಡ. ಫ್ಯಾನ್ ಇರಲಿ, ಇಲ್ಲ ರೇಡಿಯೋ ಸಣ್ಣಗೆ ಹಚ್ಚಿಟ್ಟು ಮಲಗು.

ಬರುವ ಶನಿವಾರ ಅರ್ಧ ದಿನದ ಶಾಲೆ ಅಂತ ಮಧ್ಯಾಹ್ನ ಬರಬೇಡ, ಆಗ ಓಪಿಡಿ ಇರುವುದಿಲ್ಲ. ರಜೆ ಹಾಕಿ ಮುಂಜಾನೆಯ ಗಾಡಿಗೆ ಕಲಬುರಗಿಗೆ ಬಾ. ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸೋಣ, ಸಾಲಿನಲ್ಲಿ ನಾನು ನಿಲ್ಲುತ್ತೇನೆ. ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ, ಆ ಡ್ರಾಪ್ಸಿನ ಖಾಲಿ ಬಾಟಲಿ ಎರಡೂ ತಾ. ಕಿವಿ ಸ್ವಚ್ಛ ಮಾಡಿಕೊಂಡು ಬರಬೇಡ, ಹೇಗಿದೆಯೋ ಹಾಗೇ ಬಾ. ಅತ್ತೆಗೆ ಎಣ್ಣೆಯ ವಿಷಯ ನಾನೇ ಫೋನ್ ಮಾಡಿ ಹೇಳುತ್ತೇನೆ, ನೀನು ಹೇಳಿದರೆ ಬೇಜಾರಾದಾರು.

ನಿನ್ನ ದೊಡ್ಡವ್ವ